ಚಂದನ ನೋಡುವವರು ಯಾರನ್ನು ಕೇಳಬೇಕು? ಪ್ರಸಾರ ಭಾರತಿಗೆ ಒಂದು ಬಹಿರಂಗ ಪತ್ರ

ಪ್ರಸಾರ ಭಾರತಿ ಮಂಡಳಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯವನು. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ, ಈಗ ನಿವೃತ್ತನಾಗಿದ್ದೇನೆ. ಟಿ.ವಿ. ನಡೆಸುವ ಕೆಲಸ ನನಗೆ ಗೊತ್ತಿಲ್ಲ. ನಾನು ನೋಡುವವನು, ಅಷ್ಟೇ. ಆದರೆ ಮೊದಲ ಸಲ ನೋಡಿ ಐವತ್ತು ವರ್ಷ ಆಯಿತು. ನಿಮಗೆ ಅಂಚೆಯಲ್ಲಿ ಕಳಿಸಿ ಸುಮ್ಮನಿರಬಹುದಿತ್ತು. ನೀವು ನಡೆಸುವ ದೂರದರ್ಶನದ ಕನ್ನಡ ಚಾನೆಲ್ ಚಂದನವನ್ನು ನೋಡುವ ಬೇರೆಯವರೂ ಓದಲಿ, ತಮ್ಮ ಮಾತನ್ನೂ ಸೇರಿಸಲಿ ಅಂತ ಈ ಪತ್ರವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

1975ರ ಮಳೆಗಾಲ. ನಾನು ಮೂರನೇ ಕ್ಲಾಸಿನಲ್ಲಿದ್ದೆ. ಒಂದು ದಿನ ಶಾಲೆ ಮುಂದೆ ಗಾಡಿ ಬಂದು ನಿಂತಿತು. ಅದರಿಂದ ಒಂದು ಟಿ.ವಿ. ಪೆಟ್ಟಿಗೆ ಇಳಿಸಿದರು. ಜೊತೆಗೆ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ದೊಡ್ಡ ಕೊಡೆ. ಅದನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿದರು. ನಮ್ಮೂರಲ್ಲಿ ಆಗ ಸಿನಿಮಾ ನೋಡಿದವರೇ ಕಡಿಮೆ. ಬೆಳಗ್ಗೆ ನಾವು ಮಕ್ಕಳು ಶಾಲೆಯ ಕಟ್ಟೆ ಮೇಲೆ ಕೂತು ನೋಡುತ್ತಿದ್ದೆವು. ಸಂಜೆ ಹೊಲದಿಂದ ಬಂದ ದೊಡ್ಡವರು, ಕೂಸು ಎತ್ತಿಕೊಂಡ ಹೆಂಗಸರು ಬರುತ್ತಿದ್ದರು. ಬೀಜ, ಗೊಬ್ಬರ, ಬಾಣಂತಿ ಆರೈಕೆ, ಮಕ್ಕಳಿಗೆ ಸೂಜಿ. ಎಲ್ಲವೂ ಕನ್ನಡದಲ್ಲಿ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಅವಳಿಗೆ ಅರ್ಥವಾಗುವ ಮಾತಿನಲ್ಲಿ, ಅವಳ ಮನೆತನಕ ಬಂದು ಸರ್ಕಾರ ಮೊದಲ ಸಲ ಮಾತಾಡಿದ್ದು ಆಗಲೇ ಇರಬೇಕು.

ಅದರ ಹೆಸರು ಸೈಟ್ (ಉಪಗ್ರಹ ಬೋಧನಾ ಟಿ.ವಿ. ಪ್ರಯೋಗ) ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಇಸ್ರೊ ಮತ್ತು ದೂರದರ್ಶನ ಸೇರಿ ಮಾಡಿದ ಪ್ರಯೋಗ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಕರ್ನಾಟಕದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ನಮ್ಮ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಉಪಗ್ರಹದಿಂದ ಒಂದು ಚಿತ್ರದ ಜೊತೆ ಎರಡು ದನಿ ಬರುವ ವ್ಯವಸ್ಥೆ ಇತ್ತಂತೆ. ಒಂದೇ ಚಿತ್ರವನ್ನು ಎರಡು ಭಾಷೆಯವರು ತಮ್ಮ ತಮ್ಮ ಮಾತಿನಲ್ಲಿ ಕೇಳಬಹುದಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲು ನಮ್ಮ ಎರೆಭೂಮಿಯ ಹಳ್ಳಿಗಳು ಟಿ.ವಿ. ನೋಡಿದ್ದವು. ಎಲ್ಲಿ ಜಾಸ್ತಿ ಬೇಕೋ ಅಲ್ಲಿಗೆ ಮೊದಲು ಹೋಗಬೇಕು ಅಂತ ಯಾರೋ ದೊಡ್ಡ ಮನಸ್ಸಿನವರು ಯೋಚಿಸಿದ್ದರು. ಆ ಯೋಚನೆಗೆ ಇವತ್ತಿಗೂ ಕೈ ಮುಗಿಯುತ್ತೇನೆ.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ವಾಪಸ್ ಹೋಯಿತು. ಪೆಟ್ಟಿಗೆ ಕುರುಡಾಯಿತು. 1977ರಲ್ಲಿ ಗುಲ್ಬರ್ಗದಲ್ಲಿ ಟ್ರಾನ್ಸ್‌ಮಿಟರ್ ಬಂತು, ಆದರೆ ಅದು ಅಲ್ಲಿನ ಸುತ್ತಮುತ್ತಲಿನ ಊರುಗಳಿಗಷ್ಟೇ ಮುಟ್ಟುತ್ತಿತ್ತು. ನಮ್ಮೂರಿಗೆ ಮತ್ತೆ ಟಿ.ವಿ. ಬರಲು ಎಷ್ಟೋ ವರ್ಷ ಬೇಕಾಯಿತು. ಮಕ್ಕಳು ನಾವು ದಿನಾ ಬೆಳಗ್ಗೆ ಹೋಗಿ ಆ ಪೆಟ್ಟಿಗೆ ಮುಂದೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆವು. ಇವತ್ತು ಬರಬಹುದು ಅಂತ. ಯಾಕೆ ನಿಂತಿತು ಅಂತ ನಮ್ಮ ಮೇಷ್ಟ್ರಿಗೂ ಹೇಳಲು ಆಗಲಿಲ್ಲ. ಊರಿನವರನ್ನು ಕೇಳಿ ತಂದಿರಲಿಲ್ಲ, ಕೇಳಿ ನಿಲ್ಲಿಸಲೂ ಇಲ್ಲ. ಯಾರನ್ನು ವಿಚಾರಿಸಬೇಕು ಅಂತಲೂ ಯಾರಿಗೂ ಗೊತ್ತಿರಲಿಲ್ಲ.

ಈಗ ಹೇಳುತ್ತೇನೆ, ಐವತ್ತು ವರ್ಷ ಆದ ಮೇಲೂ ಅದು ನಮಗೆ ಗೊತ್ತಿಲ್ಲ. ಈ ಪತ್ರ ಅದರ ಬಗ್ಗೆಯೇ.

2020ಕ್ಕೆ ಬರುತ್ತೇನೆ. ಕೊರೊನಾ ಬಂದು ಶಾಲೆ ಮುಚ್ಚಿತ್ತು. ಪಟ್ಟಣದ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದರು. ನಮ್ಮ ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಒಂದು, ಅದೂ ಅಪ್ಪನ ಜೊತೆ ಕೂಲಿಗೆ ಹೋಗುತ್ತಿತ್ತು. ಆಗ ಜುಲೈ 20ರಿಂದ ಚಂದನದಲ್ಲಿ 'ಸಂವೇದ' ಪಾಠ ಶುರುವಾಯಿತು. ಎಂಟು, ಒಂಬತ್ತು, ಹತ್ತನೇ ತರಗತಿಯವರಿಗೆ. ನಾನು ಬೆಳಗ್ಗೆ ಮಾಸ್ಕ್ ಕಟ್ಟಿಕೊಂಡು ಮನೆ ಮನೆಗೆ ಹೋಗಿ, ಯಾರ ಮನೆಯಲ್ಲಿ ಟಿ.ವಿ. ಇದೆ, ಯಾರ ಮನೆಯಲ್ಲಿ ಇಲ್ಲ ಅಂತ ಬರೆದುಕೊಂಡೆ. ಇಲ್ಲದವರನ್ನು ಇದ್ದವರ ಮನೆಗೆ ಹೊಂದಿಸಿದೆ. ಒಬ್ಬ ಹುಡುಗಿ ಪಕ್ಕದ ಮನೆಯ ಹೊಸ್ತಿಲ ಹೊರಗೆ ಕೂತು, ನೋಟ್‌ಬುಕ್ ತೊಡೆ ಮೇಲೆ ಇಟ್ಟುಕೊಂಡು ಬೆಳಕಿನ ಪಾಠ ಬರೆದುಕೊಳ್ಳುತ್ತಿದ್ದಳು. ಮಸೂರದ ಚಿತ್ರ ಬಂದಾಗ ಕತ್ತು ಚಾಚಿ ನೋಡುತ್ತಿದ್ದಳು. ಅವಳನ್ನು ಕಂಡಾಗ ನನಗೆ 1975ರ ಕಟ್ಟೆ ನೆನಪಾಯಿತು. ಕರೆಂಟ್ ಹೋದರೆ ಪಾಠ ಹೋಯಿತು, ಪ್ರಶ್ನೆ ಕೇಳಲು ಆಗದು, ನಿಜ. ಟಿ.ವಿ. ಮೇಷ್ಟ್ರ ಜಾಗ ತುಂಬುವುದಿಲ್ಲ. ಆದರೆ ಆ ದಿನಗಳಲ್ಲಿ ದುಡ್ಡು ಕೇಳದೆ, ಡೇಟಾ ಕೇಳದೆ ಅವಳ ಹೊಸ್ತಿಲಿನ ತನಕ ಬಂದ ಪಾಠ ಅದೊಂದೇ.

ಇಂಥ ಕೆಲಸವನ್ನು ಲಾಭದ ಲೆಕ್ಕ ಹಾಕುವವರು ಮಾಡುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಖಾಸಗಿ ಚಾನೆಲ್ ಜಾಹೀರಾತಿನಿಂದ ಬದುಕುತ್ತದೆ, ಜಾಹೀರಾತು ಕೊಳ್ಳುವ ಶಕ್ತಿ ಇರುವವರ ಹಿಂದೆ ಹೋಗುತ್ತದೆ. ಕೊಳ್ಳಲು ಆಗದವರ ಕಡೆ ಯಾರಾದರೂ ನೋಡಬೇಕಲ್ಲ, ಅದಕ್ಕೇ ಸಾರ್ವಜನಿಕ ಟಿ.ವಿ. ಬೇಕು.

ಇನ್ನೊಂದು ಉದಾಹರಣೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ನಮ್ಮ ಜಿಲ್ಲೆಯ ಭತ್ತದ ಗದ್ದೆಗಳು ಆ ನೀರನ್ನೇ ನಂಬಿವೆ. ಆ ವಾರ ನಾವು ನಿದ್ದೆ ಮಾಡಲಿಲ್ಲ. ಟಿ.ವಿ. ಹಚ್ಚಿದರೆ ಕೆಂಪು ಅಕ್ಷರ, ಢಂ ಢಂ ಸಂಗೀತ, ಡ್ಯಾಮೇ ಒಡೆದುಹೋಗುತ್ತದೆ ಅನ್ನುವಂಥ ಕೂಗು. ನಮಗೆ ಬೇಕಾಗಿದ್ದು ಬೇರೆ. ಎಷ್ಟು ಕ್ಯುಸೆಕ್ ಹೊರಗೆ ಹೋಗುತ್ತಿದೆ? ಯಾವ ಊರಿನವರು ದಂಡೆಯಿಂದ ದೂರ ಹೋಗಬೇಕು? ಸ್ಟಾಪ್‌ಲಾಗ್ ಅಂದರೆ ಏನು, ಅದನ್ನು ಹರಿಯುವ ನೀರಿನಲ್ಲಿ ಹೇಗೆ ಇಳಿಸುತ್ತಾರೆ? ನಿಂತ ಬೆಳೆಗೆ ನೀರು ಸಾಲುತ್ತದೆಯೇ, ಎರಡನೇ ಬೆಳೆ ಹಾಕಬೇಕೋ ಬೇಡವೋ? ಒಬ್ಬ ಎಂಜಿನಿಯರನ್ನು, ಒಬ್ಬ ಕೃಷಿ ವಿಜ್ಞಾನಿಯನ್ನು ಕೂರಿಸಿ, ಗಂಟೆಗೊಮ್ಮೆ ಇಷ್ಟನ್ನು ನಿಧಾನವಾಗಿ ಹೇಳುವ ಕನ್ನಡ ಟಿ.ವಿ. ನಮ್ಮ ಬಯಲಿಗೆ ಆ ವಾರ ಔಷಧಿಯಷ್ಟೇ ಬೇಕಾಗಿತ್ತು. ಅದನ್ನು ಮಾಡಲು ಚಂದನಕ್ಕೆ ಹೊಸಪೇಟೆಯಲ್ಲಿ, ರಾಯಚೂರಿನಲ್ಲಿ ಕ್ಯಾಮೆರಾ ಬೇಕು, ಜನ ಬೇಕು, ಬೆಂಗಳೂರಿನಲ್ಲೇ ಕೂತು ತಕ್ಷಣ ತೀರ್ಮಾನ ಮಾಡುವ ಅಧಿಕಾರ ಬೇಕು.

ಹಾಗಂತ ಚಂದನ ಏನೂ ಮಾಡುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ಕೇಂದ್ರದಲ್ಲಿ ಕೆಲಸ ಮಾಡುವವರ ಮೇಲೆ ನನಗೆ ತುಂಬಾ ಗೌರವ ಇದೆ. 'ಥಟ್ ಅಂತ ಹೇಳಿ' 2002ರಿಂದ ಬರುತ್ತಿದೆ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುವ ರೀತಿ ನೋಡಿಯೇ ನಾನು ಕ್ಲಾಸಿನಲ್ಲಿ ಪ್ರಶ್ನೆ ಕೇಳುವ ರೀತಿ ಬದಲಿಸಿದೆ. ಗೆದ್ದವರಿಗೆ ಅಲ್ಲಿ ಪುಸ್ತಕ ಕೊಡುತ್ತಾರೆ. ನಮ್ಮ ಶಾಲೆಯಲ್ಲಿ ಶನಿವಾರದ ಕ್ವಿಜ್‌ಗೂ ನಾನು ಪುಸ್ತಕವನ್ನೇ ಬಹುಮಾನ ಮಾಡಿದೆ. ಮೈಸೂರು ದಸರಾದ ಜಂಬೂ ಸವಾರಿಯನ್ನು ನಮ್ಮ ಮನೆಯಲ್ಲಿ ಪ್ರತಿ ವರ್ಷ ಚಂದನದಲ್ಲೇ ನೋಡುತ್ತೇವೆ. ಅಲ್ಲಿ ಆನೆ ಕಾಣುತ್ತದೆ, ಮೇಲೆ ಅಕ್ಷರಗಳ ಗದ್ದಲ ಇರುವುದಿಲ್ಲ. ಮನೆಯ ಹಿರಿಯರಿಗೆ ಅಷ್ಟು ಸಾಕು.

ಈಗ ದುಡ್ಡಿನ ಮಾತು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲ ಗಂಟು ಇಲ್ಲೇ ಇದೆ.

ನಮ್ಮಪ್ಪ ರೇಡಿಯೊ ಇಟ್ಟುಕೊಂಡಿದ್ದರು. ಅದಕ್ಕೆ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು. ಸಣ್ಣ ಪುಸ್ತಕ ಇತ್ತು, ಅದರಲ್ಲಿ ಸ್ಟ್ಯಾಂಪ್ ಅಂಟಿಸಿ ಮುದ್ರೆ ಒತ್ತಿ ಕೊಡುತ್ತಿದ್ದರು. ಟಿ.ವಿ.ಗೂ ಹಾಗೇ ಇತ್ತು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಜನರಿಗೆ ಹೊರೆ ಇಳಿಯಿತು, ಸಂತೋಷ. ಆದರೆ ಅಪ್ಪ ಆ ಪುಸ್ತಕ ಹಿಡಿದುಕೊಂಡು "ಇದಕ್ಕೆ ನಾನು ದುಡ್ಡು ಕೊಡುತ್ತೇನೆ" ಅಂತ ಹೇಳುತ್ತಿದ್ದ ಮಾತಿನಲ್ಲಿ ಒಂದು ಧೈರ್ಯ ಇತ್ತು. ಕೊಟ್ಟವನಿಗೆ ಕೇಳುವ ಬಾಯಿ ಇರುತ್ತದೆ. ಆ ಪುಸ್ತಕದ ಜೊತೆ ಆ ಬಾಯಿಯೂ ಹೋಯಿತು ಅಂತ ನನಗೆ ಈಗ ಅನಿಸುತ್ತದೆ.

1990ರ ಪ್ರಸಾರ ಭಾರತಿ ಕಾಯಿದೆಯ 17ನೇ ಸೆಕ್ಷನ್ ಓದಿ. ಲೈಸೆನ್ಸ್ ದುಡ್ಡು ಏನಾದರೂ ಇದ್ದರೆ ಅದು, ಜೊತೆಗೆ ಕೇಂದ್ರ ಸರ್ಕಾರಕ್ಕೆ ಅಗತ್ಯ ಅನಿಸಿದಷ್ಟು ಹಣ ನಿಮಗೆ ಬರಬಹುದು ಅಂತ ಇದೆ. ಲೈಸೆನ್ಸ್ ಈಗ ಇಲ್ಲ. ಉಳಿದದ್ದು ಸರ್ಕಾರಕ್ಕೆ ಅಗತ್ಯ ಅನಿಸಿದಷ್ಟು. ಅದರಲ್ಲಿ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ಸಂಬಳ ಕೊಡಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಪ್ರತಿ ವರ್ಷ ಕೈ ಚಾಚಿ ನಿಲ್ಲುವವರು, ಕೊಡುವವರ ಮುಖ ನೋಡಿ ಮಾತಾಡಬೇಕಾಗುತ್ತದೆ. ಇದು ಯಾವ ಪಕ್ಷದ ಸರ್ಕಾರ ಇದ್ದರೂ ಹೀಗೇ. ನನ್ನ ಊರಿಗೆ ಟಿ.ವಿ. ಬಂದ 1975ರಲ್ಲೇ ತುರ್ತುಪರಿಸ್ಥಿತಿಯೂ ಬಂದಿತ್ತು. ನಮಗೆ ಬೆಳೆ, ಆರೋಗ್ಯ, ಪಾಠ ಹೇಳಿಕೊಟ್ಟ ಅದೇ ದೂರದರ್ಶನ ಆಗ ಸರ್ಕಾರಕ್ಕೆ ಬೇಡವಾದ ಸುದ್ದಿ ಹೇಳುತ್ತಿರಲಿಲ್ಲ. ಆ ಅನುಭವದಿಂದಲೇ ಅಲ್ವಾ, 1978ರಲ್ಲಿ ವರ್ಗೀಸ್ ಸಮಿತಿ ಸ್ವತಂತ್ರ ಪ್ರಸಾರ ಟ್ರಸ್ಟ್ ಬೇಕು ಅಂದದ್ದು? ಅದಕ್ಕಿಂತ ಮೊದಲೇ, 1966ರಲ್ಲಿ, ಚಂದಾ ಅನ್ನುವವರ ಸಮಿತಿಯೂ ಪ್ರಸಾರವನ್ನು ಸರ್ಕಾರದಿಂದ ಬೇರೆ ಮಾಡಿ ಅಂದಿತ್ತು. ಕಾಯಿದೆ ಬಂದದ್ದು 1990ರಲ್ಲಿ. ಅದು ಜಾರಿಯಾದದ್ದು 1997ರ ಸೆಪ್ಟೆಂಬರ್‌ನಲ್ಲಿ, ಏಳು ವರ್ಷ ಕಾದ ಮೇಲೆ.

ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ ಅಂತ ನೋಡಿದೆ. ಬ್ರಿಟನ್ನಿನಲ್ಲಿ ಬಿಬಿಸಿಗೆ ಟಿ.ವಿ. ನೋಡುವ ಮನೆಯವರು ವರ್ಷಕ್ಕೆ ಲೈಸೆನ್ಸ್ ಕಟ್ಟುತ್ತಾರೆ, 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಗಿತ್ತು. ಅಮೆರಿಕದಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಇಟ್ಟಿದ್ದ 110 ಕೋಟಿ ಡಾಲರನ್ನು 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಒಂದೇ ಏಟಿಗೆ ವಾಪಸ್ ತೆಗೆದುಕೊಂಡಿತು. ಅನುದಾನ ನಂಬಿದರೆ ಹೀಗೂ ಆಗಬಹುದು. ನನಗೆ ಹಿಡಿಸಿದ್ದು ಜರ್ಮನಿಯ ದಾರಿ. ಅಲ್ಲಿ ಪ್ರತಿ ಮನೆಯಿಂದ ತಿಂಗಳಿಗೆ 18.36 ಯೂರೊ. ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಸರ್ಕಾರ ಅಲ್ಲ, ಒಂದು ಸ್ವತಂತ್ರ ಆಯೋಗ. ಅದರಲ್ಲಿ 16 ಜನ, ಒಂದೊಂದು ರಾಜ್ಯದಿಂದ ಒಬ್ಬೊಬ್ಬರು. ಆಯೋಗ ಹೇಳಿದ ಏರಿಕೆಗೆ ಒಂದು ರಾಜ್ಯ ಅಡ್ಡ ಬಂದಾಗ, 2021ರಲ್ಲಿ ಅಲ್ಲಿನ ಸಂವಿಧಾನ ಕೋರ್ಟು ಆಯೋಗದ ಲೆಕ್ಕವನ್ನೇ ಎತ್ತಿಹಿಡಿಯಿತು. ಜರ್ಮನಿಯೂ ನಮ್ಮ ಹಾಗೆ ರಾಜ್ಯಗಳ ಒಕ್ಕೂಟ. ಅದಕ್ಕೇ ಇದು ನಮಗೆ ಹತ್ತಿರದ ಮಾತು.

ನಮ್ಮಲ್ಲಿ ಹೊಸ ಲೈಸೆನ್ಸ್ ಹಾಕಿ ಅಂತ ನಾನು ಕೇಳುವುದಿಲ್ಲ. ಕೂಲಿ ಮಾಡುವವರ ಮನೆಗೆ ಇನ್ನೊಂದು ಬಿಲ್ ಬರಬಾರದು. ಅದರ ಅಗತ್ಯವೂ ಇಲ್ಲ. ನಾವು ಆಗಲೇ ಕೊಡುತ್ತಿದ್ದೇವೆ. ಕೇಬಲ್, ಡಿಟಿಎಚ್ ಬಿಲ್ಲಿನ ಮೇಲೆ ಶೇ 18ರಷ್ಟು ಜಿಎಸ್‌ಟಿ ಇದೆ. ಟಿ.ವಿ. ಕೊಂಡರೂ ಅಷ್ಟೇ. ನನ್ನ ತಿಂಗಳ ಬಿಲ್ಲಿನಲ್ಲಿ ಆ ಸಾಲು ನೋಡಿದಾಗಲೆಲ್ಲ ಅಪ್ಪನ ಪುಸ್ತಕ ನೆನಪಾಗುತ್ತದೆ. ಆ ತೆರಿಗೆಯಲ್ಲಿ ಒಂದು ಸಣ್ಣ ಪಾಲನ್ನು ಕಾನೂನಿನಲ್ಲೇ ಸಾರ್ವಜನಿಕ ಪ್ರಸಾರಕ್ಕೆ ಎತ್ತಿಡಿ ಅಂತ ನೀವು ಸರ್ಕಾರವನ್ನು ಕೇಳಬೇಕು. ಐದು ವರ್ಷಕ್ಕೊಮ್ಮೆ ಎಷ್ಟು ಬೇಕು ಅಂತ ಹೇಳಲು ಜರ್ಮನಿಯಂಥ ಒಂದು ಆಯೋಗ ಇರಲಿ, ಅದರಲ್ಲಿ ರಾಜ್ಯಗಳವರೂ ಇರಲಿ. ಆ ಹಣ ಯಾರ ಮರ್ಜಿಯೂ ಅಲ್ಲ, ನೋಡುವವರ ಹಣ. ಆಗ ನಿಮ್ಮ ಸುದ್ದಿ ವಿಭಾಗದವರಿಗೂ ಬೆನ್ನು ನೆಟ್ಟಗಾಗುತ್ತದೆ.

ಇದರ ಜೊತೆಗೆ ಒಂದು ಕೆಲಸ ಮಾಡಿ, ಇದಕ್ಕೆ ಯಾವ ಕಾನೂನು ತಿದ್ದುಪಡಿಯೂ ಬೇಡ. ಚಂದನಕ್ಕೆ ವರ್ಷಕ್ಕೆ ಎಷ್ಟು ದುಡ್ಡು ಬರುತ್ತದೆ, ಅದರಲ್ಲಿ ಹೊಸ ಕಾರ್ಯಕ್ರಮ ಮಾಡಲು ಎಷ್ಟು ಖರ್ಚಾಗುತ್ತದೆ ಅಂತ ಬೇರೆಯಾಗಿ ಪ್ರಕಟಿಸಿ. ಕನ್ನಡದಲ್ಲಿ, ಒಂದು ಪುಟದಲ್ಲಿ. 2023ರ ಜನವರಿಯಲ್ಲಿ ಆಕಾಶವಾಣಿ, ದೂರದರ್ಶನದ ಸುಧಾರಣೆಗೆ 2,539.61 ಕೋಟಿ ರೂಪಾಯಿಯ ಬಿಂಡ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಸುದ್ದಿ. ಅದರಲ್ಲಿ ಕನ್ನಡದ ಪಾಲು ಎಷ್ಟು? ಹಳ್ಳಿ ಪಂಚಾಯಿತಿಯಲ್ಲಿ ಒಂದು ಚರಂಡಿ ಕಟ್ಟಿದರೂ ಖರ್ಚಿನ ಬೋರ್ಡು ಹಾಕುತ್ತಾರೆ. ನಮ್ಮ ಭಾಷೆಯ ಟಿ.ವಿ.ಗೂ ಹಾಗೊಂದು ಬೋರ್ಡು ಇರಲಿ.

ಇನ್ನು ಟಿ.ವಿ. ಮುಟ್ಟುವ ದಾರಿ. ನಮ್ಮ ಮಾಳಿಗೆ ಮೇಲೆ ಒಂದು ಕಾಲದಲ್ಲಿ ಆಂಟೆನಾ ಇತ್ತು. ಗಾಳಿ ಬೀಸಿದರೆ ತಿರುಗಿಸಲು ನಾನೇ ಹತ್ತುತ್ತಿದ್ದೆ. "ಬಂತಾ?" "ಇನ್ನೂ ಸ್ವಲ್ಪ ಆ ಕಡೆ!" ನಮ್ಮ ವಯಸ್ಸಿನವರ ಮನೆಗಳಲ್ಲೆಲ್ಲ ಈ ಕೂಗಾಟ ನಡೆದಿದೆ. 2022ರ ಹೊತ್ತಿಗೆ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ದೇಶದಲ್ಲೆಲ್ಲ ನಿಲ್ಲಿಸಿದಿರಿ, ಆಯಕಟ್ಟಿನ 50 ಜಾಗ ಬಿಟ್ಟು. ತಂತ್ರಜ್ಞಾನ ಹಳೆಯದಾಗಿತ್ತು, ನಿಲ್ಲಿಸಿದ್ದು ಸರಿಯೇ ಇರಬಹುದು. ಈಗ ದುಡ್ಡಿಲ್ಲದವರಿಗೆ ಉಳಿದದ್ದು ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಶುರುವಾದ ಅದು ಬಡವರ ಪಾಲಿಗೆ ನಿಜಕ್ಕೂ ದೊಡ್ಡ ಉಪಕಾರ. ತಿಂಗಳ ಬಾಡಿಗೆ ಇಲ್ಲ. ಆದರೆ ಒಂದು ತೊಡಕಿದೆ. ಅಲ್ಲಿನ ಜಾಗಗಳನ್ನು ನೀವು ಹರಾಜಿನಲ್ಲಿ ಖಾಸಗಿ ಚಾನೆಲ್‌ಗಳಿಗೆ ಕೊಡುತ್ತೀರಿ. ಹರಾಜಿನಲ್ಲಿ ದೊಡ್ಡ ಮಾರುಕಟ್ಟೆ ಇರುವವರು ಗೆಲ್ಲುತ್ತಾರೆ. ಹಾಗಾಗಿ ಬಹುಪಾಲು ಹಿಂದಿ ಚಾನೆಲ್‌ಗಳೇ ತುಂಬಿವೆ. ನಮ್ಮ ಕೂಲಿಯವರ ಮನೆಯ ಮಕ್ಕಳು ಆ ಡಿಶ್ಶಿನಲ್ಲಿ ದಿನವಿಡೀ ಹಿಂದಿ ಸಿನಿಮಾ ನೋಡುತ್ತಾರೆ. ಹಿಂದಿ ಬೇಡ ಅಂತ ಅಲ್ಲ. ಬಡವನ ಡಿಶ್ಶಿನಲ್ಲಿ ಅವನ ಮಾತು ಮೂಲೆಗೆ ಬೀಳಬಾರದು. ಹರಾಜಿನಿಂದ ಬರುವ ಹಣದಲ್ಲಿ ಒಂದು ನಿಗದಿ ಪಾಲನ್ನು ಚಂದನ, ತೆಲುಗಿನ ಸಪ್ತಗಿರಿ, ತಮಿಳಿನ ಪೊದಿಗೈ ಕಾಲದಿಂದ ನಡೆದು ಬಂದ ಎಲ್ಲ ಭಾಷಾ ಕೇಂದ್ರಗಳ ಕಾರ್ಯಕ್ರಮಕ್ಕೆ ಹಂಚಿ. ಕನ್ನಡಕ್ಕೆ ಒಂದಿಷ್ಟು ಜಾಗ ಹರಾಜಿನಿಂದ ಹೊರಗೆ ಇಡಿ.

ಕೇಬಲ್ ಕಥೆ ಚಿಕ್ಕದು. 1995ರ ಕೇಬಲ್ ಟಿ.ವಿ. ಕಾಯಿದೆ ಪ್ರಕಾರ ಆಪರೇಟರುಗಳು ದೂರದರ್ಶನದ ಚಾನೆಲ್‌ಗಳನ್ನು ಕೊಡಲೇಬೇಕು. ಕೊಡುತ್ತಾರೆ. ನಾನು ನೋಡಿದ ಒಂದು ಕಡೆ ಚಂದನ ಎಲ್ಲೋ ಕೊನೆಯಲ್ಲಿ ಇತ್ತು, ರಿಮೋಟ್ ಒತ್ತಿ ಒತ್ತಿ ಅಜ್ಜ ಸುಸ್ತಾಗಿದ್ದ. ಕರ್ನಾಟಕದಲ್ಲಿ ಚಂದನ ಕನ್ನಡ ಪಟ್ಟಿಯ ಮೊದಲ ಹತ್ತರೊಳಗೆ ಇರಲಿ. ಅಷ್ಟು ಸಾಕು.

ಈಗ ಮುಖ್ಯ ಮಾತು.

ನಿಮ್ಮ ಕಾಯಿದೆಯ 12ನೇ ಸೆಕ್ಷನ್ ಬಹಳ ಸುಂದರವಾಗಿದೆ. ಜನರಿಗೆ ಮಾಹಿತಿ, ಶಿಕ್ಷಣ, ಮನರಂಜನೆ ಕೊಡುವುದು ನಿಮ್ಮ ಮೊದಲ ಕರ್ತವ್ಯ ಅಂತ ಇದೆ. ಎಲ್ಲ ವಿಷಯಗಳಲ್ಲೂ ನಾಗರಿಕರಿಗೆ ಮುಕ್ತವಾಗಿ, ಸತ್ಯವಾಗಿ ತಿಳಿದುಕೊಳ್ಳುವ ಹಕ್ಕಿದೆ, ಅದನ್ನು ಕಾಪಾಡಬೇಕು, ಬೇರೆ ಬೇರೆ ಅಭಿಪ್ರಾಯಗಳನ್ನೂ ತೋರಿಸಬೇಕು, ತನ್ನದೇ ಸಿದ್ಧಾಂತ ಹೇರಬಾರದು ಅಂತ ಇದೆ. ರಾಜ್ಯಗಳ ಭಾಷೆಗಳಲ್ಲಿ, ಅಲ್ಲಿನ ಸಂಸ್ಕೃತಿಗೆ ತಕ್ಕಷ್ಟು ಜಾಗ ಕೊಡಬೇಕು ಅಂತಲೂ ಇದೆ. 1995ರ ಫೆಬ್ರುವರಿಯಲ್ಲಿ, ಕ್ರಿಕೆಟ್ ಪ್ರಸಾರದ ಜಗಳದಿಂದ ಹುಟ್ಟಿದ ಕೇಸಿನಲ್ಲಿ, ಸುಪ್ರೀಂ ಕೋರ್ಟು ಇನ್ನೂ ದೊಡ್ಡ ಮಾತು ಹೇಳಿತು. ಗಾಳಿಯಲ್ಲಿ ಹೋಗುವ ತರಂಗಗಳು ಸಾರ್ವಜನಿಕರ ಆಸ್ತಿ ಅಂತ. ಸರ್ಕಾರದ್ದೂ ಅಲ್ಲ, ಖಾಸಗಿಯವರದ್ದೂ ಅಲ್ಲ. ನಮ್ಮದು.

ನಮ್ಮ ಆಸ್ತಿ ಅಂದ ಮೇಲೆ, ಇಷ್ಟೆಲ್ಲ ಬರೆದ ಹಾಗೆ ನಡೆಯುತ್ತಿದೆಯೇ ಅಂತ ನಾವು ಎಲ್ಲಿ ಹೋಗಿ ಕೇಳಬೇಕು?

ಅದಕ್ಕೂ ಕಾಯಿದೆಯಲ್ಲಿ ಉತ್ತರ ಇದೆ, ಅದನ್ನು ಓದಿದ ದಿನ ನನಗೆ ಆಶ್ಚರ್ಯವಾಯಿತು. 13ನೇ ಸೆಕ್ಷನ್ನಿನಲ್ಲಿ ಸಂಸದರ ಒಂದು ಸಮಿತಿ ಇದೆ, 22 ಜನರದ್ದು. 15 ಜನ ಲೋಕಸಭೆಯಿಂದ, 7 ಜನ ರಾಜ್ಯಸಭೆಯಿಂದ. ಅದು ನಿಮ್ಮ ಕೆಲಸವನ್ನು ನೋಡಿ ಸಂಸತ್ತಿಗೆ ವರದಿ ಕೊಡಬೇಕು. 14 ಮತ್ತು 15ನೇ ಸೆಕ್ಷನ್ನಿನಲ್ಲಿ ಪ್ರಸಾರ ಪರಿಷತ್ತು ಇದೆ. ಒಂದು ಕಾರ್ಯಕ್ರಮ ಕಾಯಿದೆಯ ಉದ್ದೇಶಕ್ಕೆ ಸರಿಹೊಂದುತ್ತಿಲ್ಲ ಅನಿಸಿದರೆ, ಅಥವಾ ಪ್ರಸಾರದಿಂದ ತನಗೆ ಅನ್ಯಾಯವಾಗಿದೆ ಅನಿಸಿದರೆ, ಯಾರು ಬೇಕಾದರೂ ಅದರ ಮುಂದೆ ದೂರು ಇಡಬಹುದು. ಬೇಕಾದರೆ ಆ ಪರಿಷತ್ತು ಪ್ರಾದೇಶಿಕ ಪರಿಷತ್ತುಗಳನ್ನೂ ಮಾಡಿಕೊಳ್ಳಬಹುದು. ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೇ? ಆದರೆ 2014ರಲ್ಲಿ ಪ್ರಸಾರ ಭಾರತಿಯ ಬಗ್ಗೆ ಸ್ಯಾಮ್ ಪಿತ್ರೋಡಾ ಸಮಿತಿ ವರದಿ ಕೊಟ್ಟಾಗ, 13ನೇ ಸೆಕ್ಷನ್ನಿನ ಆ ಸಂಸದರ ಸಮಿತಿಯನ್ನು ರಚಿಸಿ ಅಂತ ಶಿಫಾರಸು ಮಾಡಬೇಕಾಗಿ ಬಂತು. ಕಾಯಿದೆ ಪಾಸಾಗಿ ಆಗಲೇ 24 ವರ್ಷ ಆಗಿತ್ತು.

ಖಾಸಗಿ ಸುದ್ದಿ ಚಾನೆಲ್ ಮೇಲೆ ದೂರಿದ್ದರೆ ಅವರದೇ ಸಂಘ ಕಟ್ಟಿದ, ನಿವೃತ್ತ ನ್ಯಾಯಾಧೀಶರು ಮುಖ್ಯಸ್ಥರಾಗಿರುವ ಒಂದು ವ್ಯವಸ್ಥೆ ಇದೆ. ಅದರ ಶಕ್ತಿ ಎಷ್ಟು ಅನ್ನುವುದು ಬೇರೆ ಮಾತು. ನಮ್ಮದೇ ಆಸ್ತಿಯಾದ ಟಿ.ವಿ.ಯ ಬಗ್ಗೆ ಕೇಳಲು ಅಂಥ ಒಂದು ಸ್ವತಂತ್ರ ಜಾಗ ನಮಗೆ ಬೇಡವೇ? ಹೊಸ ಕಾನೂನು ಬೇಡ, ಹೊಸ ಮಸೂದೆಯ ಚರ್ಚೆಗೆ ಕಾಯುವುದೂ ಬೇಡ. ಇರುವುದನ್ನೇ ಎಬ್ಬಿಸಿ. ಪ್ರಸಾರ ಪರಿಷತ್ತನ್ನು ರಚಿಸಲು ನೀವು ಸರ್ಕಾರಕ್ಕೆ ಬರೆಯಿರಿ, ಬರೆದದ್ದನ್ನು ಪ್ರಕಟಿಸಿ. ಅದರ ಕೆಳಗೆ ಕರ್ನಾಟಕಕ್ಕೆ ಒಂದು ಪ್ರಾದೇಶಿಕ ಪರಿಷತ್ತು ಇರಲಿ. ಅದರಲ್ಲಿ ಒಬ್ಬ ರೈತ, ಒಬ್ಬ ಶಾಲಾ ಶಿಕ್ಷಕಿ, ಒಬ್ಬ ರಂಗಕರ್ಮಿ, ಕಿವಿ ಕೇಳದವರ ಪ್ರತಿನಿಧಿ ಒಬ್ಬರು ಇರಲಿ. ಕಲ್ಯಾಣ ಕರ್ನಾಟಕದಿಂದ, ಕರಾವಳಿಯಿಂದ, ಕೊಡಗಿನಿಂದ ಜನ ಇರಲಿ. ಬೆಂಗಳೂರಿನವರೇ ತುಂಬಿಕೊಂಡರೆ ಮತ್ತೆ ಅದೇ ಕಥೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ದೂರದಲ್ಲಿ ಕೂತು ಮಾಡಿದ ತೀರ್ಮಾನದ ಪೆಟ್ಟು ನಮಗೆ ಗೊತ್ತು. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು. ಬಣ್ಣವೂ ಬಂತು. ಸಂಜೆಯ ಒಳ್ಳೆಯ ಹೊತ್ತು ದೆಹಲಿಗೆ ಹೋಯಿತು, ಕನ್ನಡಕ್ಕೆ ಉಳಿದ ಹೊತ್ತು ಸಿಕ್ಕಿತು. ಈಗ ಚಂದನ ಇಡೀ ದಿನ ಬರುತ್ತದೆ. ಆದರೆ ಕನ್ನಡ ಅಂದರೆ ಒಂದೇ ಕನ್ನಡ ಅಲ್ಲ. ನಮ್ಮ ರಾಯಚೂರಿನ ಮಾತು ಟಿ.ವಿ.ಯಲ್ಲಿ ಎಷ್ಟು ಕೇಳುತ್ತದೆ? ತುಳು, ಕೊಡವ, ಬ್ಯಾರಿ, ಕೊಂಕಣಿ, ಲಂಬಾಣಿ ಮಾತಾಡುವ ಮನೆಗಳಿಗೆ ವಾರಕ್ಕೆ ಎಷ್ಟು ಗಂಟೆ ಇದೆ? ತೊಗರಿಗೆ ನೆಟೆ ರೋಗ ಬಿದ್ದಾಗ, ಹತ್ತಿಗೆ ಗುಲಾಬಿ ಕಾಯಿಕೊರಕ ಬಂದಾಗ, ಅಡಿಕೆಗೆ ಎಲೆಚುಕ್ಕಿ ಬಂದಾಗ, ಆಯಾ ಕಡೆಯವರಿಗೆ ಆಯಾ ಹೊತ್ತಿಗೆ ಹೇಳಬೇಕು. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿಜ್ಞಾನಿಗಳು ಒಳ್ಳೆಯ ಕನ್ನಡ ಮಾತಾಡುತ್ತಾರೆ. ವಾರಕ್ಕೆ ಅರ್ಧ ಗಂಟೆ ಅವರಿಗೆ ಕೊಟ್ಟು ನೋಡಿ.

ಇನ್ನೊಂದು ಆಸೆ, ಬಹಳ ದಿನದಿಂದ ಇರುವುದು. 1981ರಿಂದ ಬೆಂಗಳೂರು ಕೇಂದ್ರದಲ್ಲಿ ಎಷ್ಟು ಜನ ಹಾಡಿದ್ದಾರೆ, ಕುಣಿದಿದ್ದಾರೆ, ಮಾತಾಡಿದ್ದಾರೆ! ನಾಟಕ, ದೊಡ್ಡಾಟ, ಯಕ್ಷಗಾನ, ತತ್ವಪದ, ಸಂದರ್ಶನ. ಅವರಲ್ಲಿ ಎಷ್ಟೋ ಜನ ಈಗ ಇಲ್ಲ. ಆ ಟೇಪುಗಳಿಗೂ ವಯಸ್ಸಾಗುತ್ತಿದೆ, ಟೇಪು ಮನುಷ್ಯರ ಹಾಗೇ, ಹೇಳದೆ ಹೋಗಿಬಿಡುತ್ತದೆ. ಚಂದನದ ಯೂಟ್ಯೂಬ್ ಚಾನೆಲ್ಲಿನಲ್ಲಿ ಬರುವ ಹಳೆಯ ಕಾರ್ಯಕ್ರಮಗಳನ್ನು ನಾನು ಹುಡುಕಿ ನೋಡುತ್ತೇನೆ. 2024ರ ನವೆಂಬರ್‌ನಲ್ಲಿ ನೀವು ವೇವ್ಸ್ ಅನ್ನುವ ಓಟಿಟಿ ಶುರು ಮಾಡಿದಿರಿ. ಅಲ್ಲಿ ಕನ್ನಡದ ಒಂದು ಪೂರ್ತಿ ಕಪಾಟು ಇರಲಿ. ಏನೇನು ಉಳಿದಿದೆ ಅಂತ ಮೊದಲು ಪಟ್ಟಿ ಕೊಡಿ. ಒಂದೊಂದಾಗಿ ಡಿಜಿಟಲ್ ಮಾಡಿ, ಶಾಲೆಗಳಿಗೆ ಉಚಿತವಾಗಿ ಬಿಡಿ. ತತ್ವಪದದ ಪಾಠ ಮಾಡುವ ಮೇಷ್ಟ್ರಿಗೆ ಹಾಡಿದವರ ದನಿಯೇ ಸಿಕ್ಕರೆ ಆ ಪಾಠವೇ ಬೇರೆ.

ಕಡೆಯದಾಗಿ ಒಂದು ಕೋರಿಕೆ. ವರ್ಷಕ್ಕೊಮ್ಮೆ ನಿಮ್ಮ ಮಂಡಳಿಯ ಸದಸ್ಯರೊಬ್ಬರು, ಚಂದನದ ಮುಖ್ಯಸ್ಥರು ಯಾವುದಾದರೂ ಜಿಲ್ಲೆಗೆ ಬಂದು ನೋಡುವವರ ಜೊತೆ ಕೂರಿ. ಅದನ್ನು ಚಂದನದಲ್ಲಿ ನೇರ ಪ್ರಸಾರ ಮಾಡಿ. ಬೈಯುವವರು ಬೈಯಲಿ, ಹೊಗಳುವವರು ಹೊಗಳಲಿ, ನೀವು ಉತ್ತರ ಕೊಡಿ. ಮೊದಲ ಸಭೆಯನ್ನು ಸೈಟ್ ಬಂದಿದ್ದ ಮೂರು ಜಿಲ್ಲೆಗಳಲ್ಲಿ ಎಲ್ಲಾದರೂ ಇಡಿ. ನಮ್ಮೂರಿನ ಶಾಲೆಯಾದರೂ ಆಯಿತು, ಹೆಡ್‌ಮಾಸ್ತರರನ್ನು ನಾನು ಕೇಳಿಟ್ಟಿದ್ದೇನೆ, ಅವರು ಒಪ್ಪಿದ್ದಾರೆ. ಆ ಕಟ್ಟೆ ಇನ್ನೂ ಇದೆ. ತಂತಿ ಬಲೆಯ ಕೊಡೆ ನಿಲ್ಲಿಸಿದ್ದ ಜಾಗದಲ್ಲಿ ಈಗ ಬೇವಿನ ಮರ ಇದೆ, ಇನ್ನೂರು ಜನ ಕೂರುವಷ್ಟು ನೆರಳು. ಬರುವ ದಿನವನ್ನು ಚಂದನದಲ್ಲೇ, ಸಂಜೆಯ ವಾರ್ತೆ ಆದ ಮೇಲೆ ಹೇಳಿ. ನಾವು ನೋಡುತ್ತಿರುತ್ತೇವೆ.

ಇಂತಿ ನಿಮ್ಮ,
ನಿವೃತ್ತ ವಿಜ್ಞಾನ ಶಿಕ್ಷಕ
ರಾಯಚೂರು ಜಿಲ್ಲೆ